ಬಣ್ಣದ ಗರಗಸ

ನಿಶ್ಚಿತಾರ್ಥದ ದಿನ ಮುಂಬಯಿ ಹತ್ತಿರದ ಡೊಂಬಿವಲಿಯ ಹಾಲ್‌ನಲ್ಲಿ ಉಂಗುರ ತೊಡಿಸುವ ಹೊತ್ತಿಗೆ ದಮಯಂತಿಗೆ ದಯಾನಂದನ ಬೆರಳೇ ಕಾಣಲಿಲ್ಲ. ನೋಟದ ನಡುವೆ ಒಂದು ತೂತು ಬಿದ್ದಿತ್ತು. ಅದರ ಸುತ್ತ ಹಸಿರು, ಕೇಸರಿ, ನೇರಳೆ ಹಲ್ಲುಗಳ ಗರಗಸ ಮಿನುಗುತ್ತ ತಿರುಗುತ್ತಿತ್ತು. ತಲೆನೋವಿಗೆ ಮುಂಚೆ ಹಾಗಾಗುವುದು ಅವಳಿಗೆ ಚಿಕ್ಕಂದಿನಿಂದ ರೂಢಿ. ಏನಾಯಿತೆಂದು ಹುಡುಗನ ತಾಯಿ ನಳಿನಾಕ್ಷಿ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ವಾರ ಕಳೆಯುವುದರೊಳಗೆ ಸಂಬಂಧ ಮುರಿಯಿತು. ಅದು ಬರೀ ಮೈಗ್ರೇನ್ ಎಂದು ಡಾಕ್ಟರು ಹೇಳಿದ್ದನ್ನು ಅಪ್ಪ ವಸಂತಕುಮಾರರು ಅವರ ಮನೆಗೇ ಹೋಗಿ ತಿಳಿಸಿದರೂ ನಳಿನಾಕ್ಷಿ ಒಪ್ಪಲಿಲ್ಲ. ಅಷ್ಟಕ್ಕೆ ಬಿಡಲೂ ಇಲ್ಲ. ಅರಿಶಿನ ಕುಂಕುಮವಿರಲಿ, ಸತ್ಯನಾರಾಯಣ ಪೂಜೆಯಿರಲಿ, ಅಲ್ಲಿನ ನಮ್ಮ ಕನ್ನಡದವರು ಸೇರಿದಲ್ಲೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು, "ಹುಡುಗಿ ಚಂದ ಉಂಟು. ಆದ್ರೆ ತಲೆ ಸರಿ ಇಲ್ಲ, ಇಲ್ಲದ್ದೆಲ್ಲ ಕಾಣ್ತದಂತೆ," ಎನ್ನುತ್ತಿದ್ದಳು. ಆಮೇಲೆ ಹುಡುಗಿ ನೋಡಲು ಬರುತ್ತೇವೆಂದ ಎರಡು ಮನೆಯವರು ಠಾಕುರ್ಲಿಯಲ್ಲಿದ್ದ ದಮಯಂತಿಯ ಮನೆಯ ಮೆಟ್ಟಿಲನ್ನೇ ಹತ್ತಲಿಲ್ಲ.

ದಮಯಂತಿಗೆ ಘಣಸೋಲಿಯ ಒಂದು ಕಾರ್ಟೂನ್ ಸ್ಟುಡಿಯೋದಲ್ಲಿ ಚಿತ್ರ ಬರೆಯುವ ಕೆಲಸ. ಸಂಬಂಧ ಮುರಿದು ಐದಾರು ವರ್ಷವಾದ ಮೇಲೆ, 2011ರಲ್ಲಿ, ಅಲ್ಲಿ ಹೊಸ ಸೀರಿಯಲ್ ಶುರುವಾಯಿತು. ಅದರಲ್ಲೊಬ್ಬ ಹುಡುಗ ಹುಚ್ಚು ಹಿಡಿಸುವ ಹಣ್ಣು ತಿನ್ನುತ್ತಾನೆ, ಕಂಡದ್ದೆಲ್ಲ ಕಲಸಿಹೋಗುತ್ತದೆ. ಆ ದೃಶ್ಯದ ಚಿತ್ರ ಯಾರು ಬರೆದುಕೊಟ್ಟರೂ ನಿರ್ದೇಶಕ ಹಿತೇಶನಿಗೆ ಹಿಡಿಸಲಿಲ್ಲ.

"ಯೇ ಸಬ್ ರಂಗೋಲಿ ಹೈ," ಎಂದು ಪಕ್ಕಕ್ಕಿಟ್ಟ. ಬರೀ ರಂಗೋಲಿಯಾದರೆ ಸಾಲದು, ನೋಡುವವರ ತಲೆ ತಿರುಗಬೇಕಂತೆ.

ದಮಯಂತಿ ತನ್ನ ಗರಗಸವನ್ನು ಬರೆದಳು. ಗೋಡೆಗಳು ಉಸಿರಾಡಿದವು. ಮೀನುಗಳು ಕೊಡೆಗಳಂತೆ ಬಿಚ್ಚಿಕೊಂಡು ಕರಗಿದವು. ಮಿನುಗುವ ಹಲ್ಲುಗಳು ತೆರೆಯ ಅಂಚಿನ ತನಕ ಹರಡಿದವು. ನಡುವಿನ ತೂತಿನಿಂದ ಒಬ್ಬ ರಾಕ್ಷಸಿ ಹೊರಬರಬೇಕಿತ್ತು. ಅವಳಿಗೆ ಮುಖ ಹುಡುಕಿಕೊಂಡು ದಮಯಂತಿ ದೂರ ಹೋಗಲಿಲ್ಲ. ಮೇಲ್ದುಟಿಯ ಮಚ್ಚೆ, ಬಲಕ್ಕೆ ಓರೆಯಾದ ಮೂಗು, ಬಾಯಿಗೆ ಅಡ್ಡ ಹಿಡಿದ ಸೆರಗು, ಒಂದನ್ನೂ ಬಿಡಲಿಲ್ಲ. ಅಷ್ಟು ಖುಷಿಯಿಂದ ಅವಳು ಬೇರೇನನ್ನೂ ಬರೆದಿರಲಿಲ್ಲ.

ಹಿತೇಶ್ ಆ ರಾಕ್ಷಸಿಗೆ ಖುಸ್‌ಫುಸ್ ಮೌಸಿ, ಅಂದರೆ ಗುಸುಗುಸು ಚಿಕ್ಕಮ್ಮ, ಎಂದು ಹೆಸರಿಟ್ಟ. ಮಳೆಗಾಲ ಮುಗಿಯುವಷ್ಟರಲ್ಲಿ ಮೌಸಿ ಮಕ್ಕಳ ಬಾಯಲ್ಲಿದ್ದಳು.

ಒಂದು ಮಧ್ಯಾಹ್ನ ದಯಾನಂದ ಸ್ಟುಡಿಯೋದ ಕೆಳಗೆ ಬಂದು ನಿಂತ. ಇಬ್ಬರೂ ಚಹಾದಂಗಡಿಗೆ ಹೋದರು.

"ಅಮ್ಮ ಹೊರಗೆ ಹೋಗುವುದೇ ಬಿಟ್ಟಿದ್ದಾರೆ," ಎಂದ. "ನಮ್ಮ ಬಿಲ್ಡಿಂಗ್ ಸೊಸೈಟಿಯ ಮಕ್ಕಳು ಕಿಟಕಿ ಕೆಳಗೆ ನಿಂತು ಮೌಸಿ, ಮೌಸಿ ಅಂತ ಕೂಗ್ತಾರೆ. ಪೂಜೆಗೆ ಹೋದ್ರೆ ಹೆಂಗಸರು ನಗ್ತಾರೆ. ಆ ಮಚ್ಚೆ ಒಂದು ತೆಗೀಲಿಕ್ಕೆ ಆಗ್ತದಾ?"

"ಆಗ್ತದೆ. ದೊಡ್ಡ ಕೆಲಸ ಏನಲ್ಲ." ಅವನ ಮುಖ ಅರಳುವವರೆಗೆ ಕಾದು, "ಆದ್ರೆ ತೆಗೆಯುವುದಿಲ್ಲ," ಎಂದಳು.

"ನನ್ನ ಮಗಳು ಪ್ರೇಕ್ಷಾ, ಸಣ್ಣವಳು. ಅಜ್ಜಿ ಹತ್ರ ಬಂದ್ರೆ ಹೆದರಿ ಅಳ್ತಾಳೆ."

ದಮಯಂತಿ ಎತ್ತಿದ ಗ್ಲಾಸನ್ನು ಕೆಳಗಿಟ್ಟಳು. ಮಗುವಿನ ವಿಷಯ ಅವಳ ತಲೆಗೇ ಬಂದಿರಲಿಲ್ಲ.

"ಅದು ಬರೀ ಚಿತ್ರ ಅಂತ ಅವಳಿಗೆ ಹೇಳಿ."

"ಹೇಳಿದೆ. ನಂಬುವುದಿಲ್ಲ."

"ಬರೀ ತಲೆನೋವು ಅಂತ ನಮ್ಮಪ್ಪ ನಿಮ್ಮ ಸೋಫಾದಲ್ಲಿ ಕೂತು ಹೇಳಿದ್ರು. ನೀವೂ ಅಲ್ಲೇ ಇದ್ರಿ. ಒಂದು ಮಾತು ಆಡಿದ್ರಾ?"

ದಯಾನಂದ ಚಹಾ ಮುಟ್ಟದೆ ಎದ್ದು ಸ್ಟೇಷನ್ನಿನ ಕಡೆ ನಡೆದ. ಅವನ ಬೆನ್ನು ನೋಡುತ್ತ ದಮಯಂತಿ ತನಗೆ ಮರುಕ ಹುಟ್ಟುತ್ತದೋ ಎಂದು ಕಾದಳು. ಮಗುವಿನ ಮೇಲೆ ಚೂರು ಹುಟ್ಟಿತು. ಅದು ಸಾಲಲಿಲ್ಲ.

ಅವಳು ಮೇಲೆ ಸ್ಟುಡಿಯೋಗೆ ಬಂದಾಗ ಹಿತೇಶ್ ಮುಂದಿನ ಕಂತುಗಳ ಕೆಲಸ ಹಂಚುತ್ತಿದ್ದ. ಮೌಸಿಯನ್ನು ಇನ್ನು ಸಾಯಿಸಿಬಿಡೋಣವೇ ಎಂದು ಕೇಳಿದ.

"ಬೇಡ," ಎಂದಳು ದಮಯಂತಿ, ಕುರ್ಚಿ ಎಳೆದುಕೊಂಡು. "ತುಂಬಾ ವರ್ಷ ಬದುಕಲಿ."