ಮೇಸ್ತ್ರಿ ಕೀ

ಅಣ್ಣನ ಮಗಳು ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಇಡೀ ಶಾಲೆಗೇ ಎರಡನೆಯವಳಾಗಿ ಪಾಸಾದಳು, ದೂರದ ಊರಿನ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಅಂದಿನಿಂದ ಬೀಗದಕ್ಕನಿಗೆ ಒಂದೇ ಯೋಚನೆ. ಹುಡುಗಿಗೆ ಏನು ಉಡುಗೊರೆ ಕೊಡುವುದು? ಪೆನ್ನು ಕೊಟ್ಟರೆ ಎರಡೇ ವಾರದಲ್ಲಿ ಯಾರೋ ಎರವಲು ಪಡೆದು ನುಂಗಿಹಾಕುತ್ತಾರೆ. ಕೈಗಡಿಯಾರವನ್ನು ಹುಡುಗಿಯ ಸೋದರಮಾವ ಆಗಲೇ ಕೊಟ್ಟು, ಕೊಟ್ಟದ್ದನ್ನು ಬೀದಿಗೆಲ್ಲ ಡಂಗುರ ಸಾರಿದ್ದ. ಬಟ್ಟೆ ಕೊಡೋಣವೆಂದರೆ ಅತ್ತಿಗೆ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿ ಮೂಗು ಮುರಿಯುವುದು ಖಂಡಿತ.

ಬೀಗದಕ್ಕ ಮಾರುಕಟ್ಟೆ ಬೀದಿಯ ಬೀಗದ ಅಂಗಡಿಯವಳು. ಅಪ್ಪ ಬಿಟ್ಟುಹೋದ ಅಂಗಡಿ. ಮೇಜಿಗೆ ಕಚ್ಚಿಸಿದ ಒಂದು ಇಕ್ಕಳ, ಕೀ ತಿಕ್ಕುವ ನಾಲ್ಕಾರು ಅರ, ಹಿತ್ತಾಳೆ ಪುಡಿ ಮೆತ್ತಿದ ಬೆರಳು, ಇಷ್ಟೇ ಅವಳ ಸಂಸಾರ. ಅವಳೇನೂ ಇಷ್ಟಪಟ್ಟು ಈ ಕೆಲಸಕ್ಕೆ ಬಂದವಳಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ, ಅವಳಿಗೆ ಹದಿನೇಳಾಗಿದ್ದಾಗ, ಅಣ್ಣ ಅವಳ ತಗಡಿನ ಪೆಟ್ಟಿಗೆಯ ಕೊಂಡಿ ಕಿತ್ತು, ತಳದಲ್ಲಿದ್ದ ಕಾಲೇಜಿನ ಅರ್ಜಿಯನ್ನು ಅಪ್ಪನ ಮುಂದೆ ಹಿಡಿದಿದ್ದ. "ನೋಡಪ್ಪಾ ನಿನ್ನ ಮಗಳ ಕಳ್ಳಾಟ!" ಅಪ್ಪ ಅರ್ಜಿಯನ್ನು ಹರಿದುಹಾಕಿ ಅವಳ ಕೈಗೆ ಅರ ಕೊಟ್ಟ. ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಯಾಕೆ ಆರಬೇಕು?

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಆ ಅಣ್ಣನಿಗೆ ಸಿಕ್ಕ ಕೆಲಸವೂ ಅಂಥದ್ದೇ. ಬಟ್ಟೆ ಗಿರಣಿಯ ಗೇಟಿನಲ್ಲಿ ತಪಾಸಣೆ. ಪಾಳಿ ಮುಗಿಸಿ ಹೊರಬೀಳುವವರ ಚೀಲ, ಊಟದ ಡಬ್ಬಿ, ಜೇಬು ಎಲ್ಲವನ್ನೂ ತಡಕಿ ಬಿಡಬೇಕು. ಗಿರಣಿಯವರು ಇಟ್ಟ ಹೆಸರು ಜೇಬು ಸಾಹೇಬ. ಆ ಬುದ್ಧಿಯನ್ನು ಗೇಟಿನಲ್ಲೇ ಕಳಚಿಟ್ಟು ಬಂದಿದ್ದರೆ ಯಾರದೇನು ತಕರಾರು? ಮಹಾರಾಯ ಅದನ್ನು ಮನೆಗೂ ಹೊತ್ತು ತರುತ್ತಿದ್ದ. ಹೆಂಡತಿಯ ದಿಂಬಿನಡಿ ಕೈ ಹಾಕುತ್ತಿದ್ದ, ಮಗಳ ನೋಟ್‌ಬುಕ್ಕಿನ ಹಾಳೆ ಹಾಳೆ ಬಿಡಿಸಿ ನೋಡುತ್ತಿದ್ದ.

ಉಡುಗೊರೆಯ ಚಿಂತೆಯನ್ನು ಅವನೇ ಬಗೆಹರಿಸಿದ. ಅಂಗಡಿಗೆ ಬಂದವನು ಕೂರಲೂ ಇಲ್ಲ.

"ಏನ್ ಕೊಡೋದು ಅಂತ ತಲೆ ಕೆಡಿಸ್ಕೋಬೇಡ. ಪೆಟ್ಟಿಗೆ ನಾನು ತಂದಿದೀನಿ. ಅದಕ್ಕೊಂದು ಗಟ್ಟಿ ಬೀಗ ಕೊಡು. ಕೀ ಎರಡಿರಲಿ, ಒಂದು ಅವಳಿಗೆ, ಒಂದು ನನಗೆ."

"ಹಾಸ್ಟೆಲಲ್ಲಿರೋ ಪೆಟ್ಟಿಗೆ ಕೀ ನಿನಗ್ಯಾಕಣ್ಣ?"

"ತಿಂಗಳಿಗೊಂದ್ಸಲ ಹೋಗ್ತೀನಿ, ತೆಗೆದು ನೋಡ್ತೀನಿ. ಹೆತ್ತೋನು ನಾನು, ನೀನಲ್ಲ."

"ಅವಳೇನು ನಿನ್ನ ಗಿರಣಿ ನೂಲು ಕದ್ದು ಓಡ್ತಿದಾಳಾ?"

"ನಾಲಿಗೆ ಬಿಗಿ ಹಿಡಿ. ಎರಡನೇ ಕೀ ನನ್ನ ಕೈಗೆ ಬರದೆ ಅವಳು ಹೊಸಿಲು ದಾಟಲ್ಲ. ಓದೋದೂ ಬೇಡ, ಏನೂ ಬೇಡ. ನಿನ್ನ ಪಕ್ಕ ಒಂದು ಸ್ಟೂಲ್ ಹಾಕ್ಸು, ಬಂದು ಅರ ಹಿಡೀತಾಳೆ."

ಬೀಗದಕ್ಕನ ಕೋಪ ನೆತ್ತಿಗೇರಿತು. ಸುತ್ತಿಗೆ ಕೈಗೆಟುಕುವಷ್ಟರಲ್ಲೇ ಇತ್ತು. ಆದರೆ ಅಣ್ಣ ಆಡಿದ್ದನ್ನು ಮಾಡುವವನೇ. ಅವಳು ಹಲ್ಲು ಕಚ್ಚಿ ಗೋಡೆಯ ಕಡೆ ತಿರುಗಿದಳು. ಅಲ್ಲಿ ಒಂದು ತಂತಿಗೆ ಪೋಣಿಸಿದ ಮೇಸ್ತ್ರಿ ಕೀಗಳು ತೂಗುತ್ತಿದ್ದವು.

ಹೊಸ ಮನೆ ಕಟ್ಟುವವರು ಒಂದು ಬಗೆಯ ಬೀಗ ಒಯ್ಯುತ್ತಾರೆ. ಕೆಲಸ ನಡೆಯುವಷ್ಟು ದಿನ ಮೇಸ್ತ್ರಿಯ ಕೀಗೆ ಅದು ತೆರೆಯುತ್ತದೆ. ಮನೆಯ ಯಜಮಾನ ತನ್ನ ಕೀಯನ್ನು ಮೊದಲ ಸಲ ಹಾಕಿ ತಿರುಗಿಸಿದನೋ, ಒಳಗಿನ ಸಣ್ಣ ಗುಂಡುಗಳು ಜಾಗ ಬದಲಿಸುತ್ತವೆ. ಅಲ್ಲಿಗೆ ಮೇಸ್ತ್ರಿಯ ಕೀ ಸತ್ತಹಾಗೆ. ಸತ್ತ ಕೀಯನ್ನು ಮೇಸ್ತ್ರಿ ಅಂಗಡಿಗೆ ವಾಪಸು ತಂದುಕೊಡಬೇಕು. ಅಪ್ಪನ ಕಾಲದಿಂದಲೂ ಈ ಅಂಗಡಿಯ ರೂಢಿ ಅದು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಆಯ್ತಣ್ಣ," ಎಂದಳು. "ಎರಡು ಕೀ."

ಅಂಥ ಮನೆಬೀಗದ ಒಳಭಾಗವನ್ನು ಒಂದು ತೂಗುಬೀಗಕ್ಕೆ ಕೂರಿಸಲು ಅವಳಿಗೆ ಮೂರು ದಿನ ಹಿಡಿಯಿತು. ಹೊರಡುವ ಹಿಂದಿನ ಸಂಜೆ ಅಣ್ಣನ ಮನೆಗೆ ಹೋಗಿ ಎಲ್ಲರೆದುರೇ ಒಂದು ಕೀಯನ್ನು ಹುಡುಗಿಗೂ ಒಂದನ್ನು ಅಣ್ಣನಿಗೂ ಕೊಟ್ಟಳು. ಅಣ್ಣ ಬೀಗವನ್ನು ಮೂರು ಸಲ ಒತ್ತಿ ಹಾಕಿ, ತನ್ನ ಕೀಯಿಂದ ಮೂರು ಸಲ ತೆಗೆದು, ಮಗಳು ಜೋಡಿಸಿಟ್ಟಿದ್ದನ್ನೆಲ್ಲ ಹೊರಗೆಳೆದು ಒದರಿ ನೋಡಿದ. ಆಮೇಲೆ ತನ್ನ ಕೀಯನ್ನು ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಅವನ ಮುಖದ ತೃಪ್ತಿ ನೋಡಿ ಬೀಗದಕ್ಕನ ಮೈಯೆಲ್ಲ ಉರಿಯಿತು.

ಹುಡುಗಿ ಜಗಲಿಯವರೆಗೆ ಅವಳ ಹಿಂದೆಯೇ ಬಂದಳು.

"ನೀವೂ ಅಪ್ಪನ ಕಡೇನಾ ಅತ್ತೆ? ಇಂಥ ಉಡುಗೊರೆ ಕೊಡೋ ಬದಲು ನನ್ನ ಕತ್ತಿಗೇ ಹಗ್ಗ ಕಟ್ಟಿ ಅವರ ಕೈಲಿ ಕೊಡಬಹುದಿತ್ತು."

ಹೇಳಿಬಿಡೋಣವೆಂದು ಬೀಗದಕ್ಕನ ಬಾಯಿ ತೆರೆದೇಬಿಟ್ಟಿತ್ತು. ಆದರೆ ಹುಡುಗಿಯ ಮನಸ್ಸಿನಲ್ಲಿದ್ದದ್ದೆಲ್ಲ ಮುಖದಲ್ಲಿ ಕಾಣುತ್ತದೆ. ಖುಷಿಯಾದರೆ ಅಣ್ಣ ಮೊದಲು ಅದನ್ನೇ ತಪಾಸಣೆ ಮಾಡುತ್ತಾನೆ.

"ಬೈಕೋ. ಎಷ್ಟು ಬೇಕಾದ್ರೂ ಬೈಕೋ," ಎಂದು ಪಿಸುಗುಟ್ಟಿದಳು. "ಆದ್ರೆ ಹಾಸ್ಟೆಲ್ ಸೇರೋವರೆಗೂ ನಿನ್ನ ಕೀನ ಅದಕ್ಕೆ ಹಾಕಬೇಡ. ಬೀಗ ಹಾಕೋಕೆ ಕೀ ಬೇಡ, ಒತ್ತಿದ್ರೆ ಸಾಕು."

ಹುಡುಗಿ ಒಳಗೆ ಹೋಗಿ ಬಾಗಿಲು ದಢಾರನೆ ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಗಿರಣಿಯ ಪಾಳಿ ಬಿಟ್ಟು ಬಂದವರ ಗುಂಪು ನಿಂತಿತ್ತು. ಜೇಬು ಸಾಹೇಬನನ್ನು ಕಂಡು ಒಬ್ಬಿಬ್ಬರು ಅಭ್ಯಾಸಬಲದಿಂದ ಚೀಲ ಬಿಚ್ಚಲು ಹೋಗಿ, ನಾಲಿಗೆ ಕಚ್ಚಿಕೊಂಡರು. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಮಗಳನ್ನು ವಿಚಾರಿಸುತ್ತಿದ್ದಳು.

"ಬಾಚಣಿಗೆ ಇಟ್ಕೊಂಡ್ಯಾ?"

"ಮರೆತಿದ್ದೆ. ಹೊರಡುವಾಗ ಪೆಟ್ಟಿಗೆ ತೆಗೆದು ಹಾಕ್ದೆ," ಎಂದಳು ಹುಡುಗಿ.

ಅಲ್ಲಿಗೆ ಅಣ್ಣನ ಕೀ ಸತ್ತಿತು ಎಂದು ಬೀಗದಕ್ಕನಿಗೆ ಹೊಳೆಯಿತು. ಆದರೂ ಪರವಾಗಿಲ್ಲ, ಅಣ್ಣ ನಿನ್ನೆಯೇ ನೋಡಿಯಾಗಿದೆ, ಇನ್ನು ಐದು ನಿಮಿಷಕ್ಕೆ ಬಸ್ಸು ಹೊರಡುತ್ತದೆ ಎಂದುಕೊಂಡಳು. ಬೀಗ ಬಲ್ಲವಳು ಅಣ್ಣನನ್ನು ಮರೆತಿದ್ದಳು. ಗೇಟಿನ ತಪಾಸಣೆಯವನು ಮನೆಯಲ್ಲಿ ಎಷ್ಟೇ ನೋಡಿರಲಿ, ಗೇಟಿನಲ್ಲಿ ಇನ್ನೊಮ್ಮೆ ನೋಡದೆ ಬಿಟ್ಟಾನೆಯೇ?

ಕಂಡಕ್ಟರು ಪೆಟ್ಟಿಗೆಗೆ ಕೈ ಹಾಕಿದ.

"ತಡಿ," ಎಂದ ಅಣ್ಣ. "ಒಂದ್ಸಲ ನೋಡ್ಬಿಡ್ತೀನಿ."

ಅಲ್ಲೇ ಕುಕ್ಕರಗಾಲಲ್ಲಿ ಕೂತ. ಕೀ ಹಾಕಿದ. ತಿರುಗಲಿಲ್ಲ. ತೆಗೆದು ಊದಿ, ಅಂಗಿಗೆ ಒರೆಸಿ ಮತ್ತೆ ಹಾಕಿದ. ಹಿಂದೆ ಯಾರೋ ಕಿಸಕ್ಕೆಂದರು.

"ಏನ್ ಸಾಹೇಬ್ರೇ, ಪೆಟ್ಟಿಗೆ ನಿಮಗೇ ತಪಾಸಣೆ ಕೊಡ್ತಿಲ್ವಾ?"

ಅಣ್ಣ ಎದ್ದು ನಿಂತಾಗ ಅವನ ಕಿವಿ ಕೆಂಪಾಗಿತ್ತು. ಮಗಳ ಕಡೆಗಲ್ಲ, ತಂಗಿಯ ಕಡೆ ತಿರುಗಿದ.

"ಏನ್ ಮಾಡಿದ್ಯೇ?"

"ಉಡುಗೊರೆ ಕೊಟ್ಟೆ." ಬೀಗದಕ್ಕ ಧ್ವನಿ ತಗ್ಗಿಸಲಿಲ್ಲ. "ನಿನ್ನ ಕೈಲಿರೋದು ಮೇಸ್ತ್ರಿ ಕೀ. ಯಜಮಾನಿ ತನ್ನ ಕೀ ತಿರುಗಿಸಿದ ಮೇಲೆ ಅದು ನಡೆಯಲ್ಲ. ಬೆಳಿಗ್ಗೆ ಅವಳು ತಿರುಗಿಸಿದಾಳೆ."

ಹುಡುಗಿ ತನ್ನ ಅತ್ತೆಯನ್ನು ನೋಡಿದಳು. ನಿನ್ನೆ ತಾನಾಡಿದ ಮಾತೆಲ್ಲ ಅವಳ ಮುಖಕ್ಕೆ ಒಂದೊಂದಾಗಿ ಬಂದು ತಾಗಿದ್ದು ಕಾಣಿಸಿತು.

"ಕೀ ಕೊಡೇ ಇಲ್ಲಿ," ಎಂದ ಅಣ್ಣ ಮಗಳಿಗೆ.

"ಕೊಡಲ್ಲಪ್ಪ." ಅವಳು ಕೀ ಇದ್ದ ಮುಷ್ಟಿಯನ್ನು ಬಿಗಿಹಿಡಿದಳು.

"ಹಾಗಾದ್ರೆ ಪೆಟ್ಟಿಗೇನೂ ಹೋಗಲ್ಲ, ನೀನೂ ಹೋಗಲ್ಲ. ನಡಿ ಮನೆಗೆ!"

ಅವನು ಪೆಟ್ಟಿಗೆಯ ಒಂದು ಹಿಡಿ ಹಿಡಿದ. ಬೀಗದಕ್ಕ ಇನ್ನೊಂದನ್ನು ಹಿಡಿದಳು. ಇಪ್ಪತ್ತೆಂಟು ವರ್ಷ ಹಿತ್ತಾಳೆ ತಿಕ್ಕಿದ ಕೈ ಅದು, ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. "ಹತ್ತು!" ಎಂದು ಹುಡುಗಿಗೆ ಅರಚಿದಳು. "ನಿಂತ್ಕೊಂಡು ಏನ್ ನೋಡ್ತೀಯ, ಹತ್ತೇ!" ಹುಡುಗಿ ಓಡಿ ಬಸ್ಸು ಹತ್ತಿದಳು.

"ಬಿಡಿ ಸಾಹೇಬ್ರೇ," ಎಂದಳೊಬ್ಬಳು ಗಿರಣಿಯ ಹೆಂಗಸು, ಊಟದ ಡಬ್ಬಿಯನ್ನು ಎದೆಗವಚಿಕೊಂಡು. "ದಿನಾ ನಮ್ಮದು ನೋಡ್ತೀರಲ್ಲ, ಸಾಲ್ದಾ?"

ಈ ಸಲ ಯಾರೂ ನಗಲಿಲ್ಲ. ಅಷ್ಟೂ ಮಂದಿ ಸುಮ್ಮನೆ ಅವನನ್ನೇ ನೋಡುತ್ತಿದ್ದರು. ಅಣ್ಣನ ಹಿಡಿತ ತಪ್ಪಿತು. ಬೀಗದಕ್ಕ ಪೆಟ್ಟಿಗೆಯನ್ನು ಎದೆಮಟ್ಟಕ್ಕೆ ಎತ್ತಿ ಬಾಗಿಲೊಳಗೆ ತಳ್ಳಿದಳು. ಕಂಡಕ್ಟರು ಸೀಟಿ ಊದಿದ. ಕಿಟಕಿಯಲ್ಲಿ ಹುಡುಗಿ ಅಳುತ್ತ ಏನೋ ಹೇಳಿದಳು, ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ.

ಗುಂಪು ಕರಗಿತು. ಅಣ್ಣ ಇನ್ನೂ ಅಲ್ಲೇ ನಿಂತಿದ್ದ.

"ಇನ್ನು ನನ್ನ ಮನೆ ಮೆಟ್ಟಿಲು ತುಳೀಬೇಡ. ನನಗೆ ತಂಗಿ ಇಲ್ಲ."

"ಇಲ್ಲದೆ ಬಹಳ ವರ್ಷ ಆಯ್ತಲ್ಲ ಅಣ್ಣ."

"ಏನ್ ಬಚ್ಚಿಟ್ಟಿದಾಳೆ ಅದ್ರಲ್ಲಿ? ನಿನಗೆ ಗೊತ್ತಿದೆ, ಹೇಳು."

"ನಿನ್ನೆ ನೀನೇ ಒದರಿ ನೋಡಿದ್ಯಲ್ಲ. ನಾಲ್ಕು ಜೊತೆ ಬಟ್ಟೆ, ಒಂದು ಟವಲು, ಪುಸ್ತಕ. ಈಗ ಒಂದು ಬಾಚಣಿಗೆ. ನನ್ನ ಪೆಟ್ಟಿಗೇಲಿ ಇದ್ದದ್ದೂ ಒಂದೇ ಒಂದು ಕಾಗದ."

ಅತ್ತಿಗೆ ಇಬ್ಬರ ಮುಖವನ್ನೂ ನೋಡಿ, ಯಾರ ಪಕ್ಕಕ್ಕೂ ಹೋಗದೆ ಬಸ್ಸು ಹೋದ ದಿಕ್ಕಿಗೆ ತಿರುಗಿ ನಿಂತಳು. ಬೀಗದಕ್ಕ ಕೈ ಚಾಚಿದಳು.

"ಮನೆ ಕಟ್ಟಿದ್ದು ನೀನೇ, ಇಲ್ಲ ಅನ್ನಲ್ಲ. ಮೇಸ್ತ್ರಿ ಕೆಲಸ ಮುಗೀತು. ಕೀ ವಾಪಸ್ ಕೊಡು."

ಗೊಂಚಲಿನಿಂದ ಕೀ ಬಿಡಿಸಲು ಅವನ ಬೆರಳಿಗೆ ಬಹಳ ಹೊತ್ತು ಬೇಕಾಯಿತು. ಅದನ್ನು ಅವಳ ಕೈಗೆ ಕೊಡಲಿಲ್ಲ. ಅವಳ ಕಾಲ ಬಳಿ ಮಣ್ಣಿಗೆ ಎಸೆದು ಹೊರಟುಹೋದ. ಬೀಗದಕ್ಕ ಬಗ್ಗಿ ಎತ್ತಿಕೊಂಡು, ಸೆರಗಿನಲ್ಲಿ ಒರೆಸಿದಳು. ಅಂಗಡಿಗೆ ಹೋಗಿ ಬಾಗಿಲು ತೆರೆದವಳೇ ಅದನ್ನು ಗೋಡೆಯ ತಂತಿಗೆ, ಉಳಿದ ಮೇಸ್ತ್ರಿಗಳ ಕೀಗಳ ಜೊತೆ ಪೋಣಿಸಿದಳು.