ಬರ್ತೀನಿ ಅಂದವನು

ಬಟವಾಡಿಯ ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಹೊರಡುವವರು ಯಾರೂ ‘ಬರ್ತೀನಿ’ ಅನ್ನುವುದಿಲ್ಲ. ಹಾಗಂದರೆ ಮತ್ತೆ ಇಲ್ಲಿಗೇ ಬಂದು ಸೇರಬೇಕಾದೀತೆಂಬ ಭಯ. ನರಸಿಂಹಮ್ಮನ ಮಗ ಅಂಜನ್‌ಕುಮಾರ್ ಹೋದ ಸಲ ಬಾಯಿತಪ್ಪಿ ಅಂದುಬಿಟ್ಟಿದ್ದ. ಅಕ್ಕನ ಮಗಳ ಆರತಕ್ಷತೆಯಲ್ಲಿ ಮತ್ತೆ ಕುಡಿದ. ಇವತ್ತು ತಾನಾಗಿಯೇ ಬ್ಯಾಗು ಹಿಡಿದು, ತಾಯಿಯೊಂದಿಗೆ ಕುಣಿಗಲ್ ಬಸ್ಸಿಳಿದು ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

“ಆ ಮಾತೇ ಮುಳುವಾಯ್ತು ಮೇಡಮ್ಮೋರೆ,” ಎಂದು ನರಸಿಂಹಮ್ಮ ಕಣ್ಣೊರೆಸಿಕೊಂಡಳು.

“ಮುಳುವಾಗಿದ್ದು ಬ್ರಾಂದಿ ಕಣಮ್ಮ, ಮಾತಲ್ಲ,” ಅಂದರು ಕೌನ್ಸೆಲರ್ ಸರ್ವಮಂಗಳ. “ಮತ್ತೆ ಕುಡುದ್ಮೇಲೆ ಇಲ್ಲಿಗೆ ಬರೋಕೆ ನಾಚ್ಕೊಂಡು ಮನೇಲೇ ಹಾಳಾದೋರು ಎಷ್ಟೋ ಜನ. ನಿಮ್ಮ ಮಗ ಬಂದವ್ನೆ. ಊಟ ಆಯ್ತೇನಪ್ಪಾ?”

ಅಂಜನ್ ಚಪ್ಪಲಿ ಬಿಟ್ಟು ಒಳಗೆ ಹೋದ. ಹೊಸಿಲಾಚೆ ನಿಂತ ನರಸಿಂಹಮ್ಮ ಊರಿಗೆ ಹೊರಡಲು ಸೆರಗು ಸರಿಮಾಡಿಕೊಂಡಳು. ಆಮೇಲೆ ಧೈರ್ಯ ಮಾಡಿ, ಒಳಗಿರುವವರಿಗೆಲ್ಲ ಕೇಳುವಂತೆ ಅಂದಳು: “ಭಾನುವಾರ ಬರ್ತೀನಿ ಕಣ್ಲಾ.”