ಎರಡು ದಿನದ ಮಟ್ಟಿಗೆ

ನಮ್ಮ ಗುಡ್ಡದ ಹದಿಮೂರು ಮನೆಗಳಲ್ಲಿ ಒಬ್ಬರೂ ಬಾಡಿಗೆ ಪತ್ರದಲ್ಲಿ ತಮ್ಮ ಹೆಸರಿಗೆ ಬರೆದ ಮನೆಯಲ್ಲಿ ಇರಲಿಲ್ಲ. ಖಾಲಿ ಮಾಡಿ ಎಂಬ ನೋಟೀಸು ಬಂದ ಮೇಲೆ ಇದು ಗೊತ್ತಾಯಿತು ಅಂದರೆ ಸುಳ್ಳಾದೀತು. ಗೊತ್ತೇ ಇತ್ತು. ಹಾಗಿರುವುದು ತಪ್ಪು ಅಂತ ಮಾತ್ರ ಗೊತ್ತಿರಲಿಲ್ಲ.

ಸುಣ್ಣದ ಗೂಡಿನ ಹಳೇ ಧಣಿ ಕೂಲಿಯವರಿಗೆಂದು ಕಟ್ಟಿಸಿದ ಮನೆಗಳಿವು. ಒಂದನೇ ನಂಬರು ರಸ್ತೆಗೆ ತಾಗಿಕೊಂಡಿದೆ, ಹದಿಮೂರನೆಯದು ಗುಡ್ಡದ ನೆತ್ತಿಯಲ್ಲಿದೆ, ನಡುವೆ ತೊಂಬತ್ತಾರು ಮೆಟ್ಟಿಲು. ಬಾಡಿಗೆಯನ್ನು ಇಡೀ ಸಾಲಿನವರು ಒಟ್ಟಾಗಿ ಕೊಡುತ್ತಿದ್ದೆವು, ಆದ್ದರಿಂದ ಯಾರು ಎಲ್ಲಿ ಮಲಗುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ಮಕ್ಕಳು ಹೆಚ್ಚಾದರೆ ಎರಡು ಕೋಣೆಯ ಮನೆ, ಧೂಳು ಕುಡಿದು ಕೆಮ್ಮು ಹತ್ತಿದರೆ ಗಾಳಿಯಾಡುವ ಮೇಲಿನ ಮನೆ, ಕಾಲು ಸೋತರೆ ಕೆಳಗಿನ ಮನೆ. ರಜದ ದಿನ ಮಂಚ, ಪಾತ್ರೆ ಹೊತ್ತು ಅದಲುಬದಲು ಮಾಡಿಕೊಂಡರೆ ಮುಗಿಯಿತು.

ನಮ್ಮತ್ತೆಯ ಹೆಸರಿನಲ್ಲಿದ್ದದ್ದು ಹದಿಮೂರನೆಯದು. ಮೂವತ್ತು ವರ್ಷ ಕಲ್ಲು ಹೊತ್ತ ಮೇಲೆ ಅವಳ ಮಂಡಿ ಕೈಕೊಟ್ಟಿತು. ಆಗ ಒಂದನೇ ಮನೆಯ ದರ್ಜಿ ತಾನೇ ಬಂದು, "ನನ್ನ ಕಾಲು ಗಟ್ಟಿಯಾಗಿದೆ ಅಕ್ಕಾ, ನೀನು ಕೆಳಗೆ ಬಾ" ಅಂದ. ಹೊಲಿಗೆ ಮಿಷನ್ನನ್ನು ಹೆಗಲಿಗೇರಿಸಿಕೊಂಡು ಹೋಗೇಬಿಟ್ಟ. ಅತ್ತೆ, ನನ್ನ ಗಂಡ, ನಾನು ಕೆಳಗೆ ಬಂದೆವು. ಅಲ್ಲಿಂದ ಹನ್ನೊಂದು ವರ್ಷ ದರ್ಜಿಯ ಗಿರಾಕಿಗಳು ಮೆಟ್ಟಿಲು ಹತ್ತಲಿಲ್ಲ. ಅತ್ತೆಯೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕೊರಳಿಗೆ ಟೇಪು ಇಳಿಬಿಟ್ಟುಕೊಂಡು ಅಳತೆ ತೆಗೆಯುತ್ತಿದ್ದಳು. "ಹೋದ ವರ್ಷಕ್ಕಿಂತ ಎರಡಿಂಚು ಜಾಸ್ತಿ, ಗಂಡ ಚೆನ್ನಾಗೇ ನೋಡ್ಕೊಳ್ತಿದಾನೆ ಅನ್ನು" ಅಂತ ಕಿಚಾಯಿಸಿ, ಅಳತೆಯ ಜೊತೆಗೆ ಸುದ್ದಿಯನ್ನೂ ತೆಗೆಯುತ್ತಿದ್ದಳು. ಅವಳಿಗೆ ಗೊತ್ತಾಗದೆ ಒಂದು ಸುದ್ದಿಯೂ ಮೆಟ್ಟಿಲು ಹತ್ತುತ್ತಿರಲಿಲ್ಲ. ಗೂಡಿನಲ್ಲಿ ದಿನವಿಡೀ ಸುಣ್ಣ ಜರಡಿ ಹಿಡಿದು ಬಂದ ನನಗೆ ಆ ವಟವಟ ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು.

ಧಣಿಯ ಮೊಮ್ಮಗ ಗುಡ್ಡ ಮಾರಿದ. ಕೊಂಡವನಿಗೆ ಮನೆಗಳು ಬೇಡ, ಅವುಗಳ ಅಡಿಯ ಕಲ್ಲು ಬೇಕು. ಒಂದೂವರೆ ವರ್ಷ ಕಚೇರಿಯಿಂದ ಕಚೇರಿಗೆ ಅಲೆದೆವು. ಯಾವ ಬೆಂಚಿನ ಯಾವ ಕಾಲು ಅಲ್ಲಾಡುತ್ತದೆ ಎಂದು ನಾನು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಕೊನೆಗೆ ನಮ್ಮ ವಕೀಲಮ್ಮ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು:

"ಪತ್ರದಲ್ಲಿ ಹೆಸರಿರೋರು ಅದೇ ಮನೇಲಿದ್ರೆ ಯಾರೂ ಎಬ್ಬಿಸೋಕಾಗಲ್ಲ. ಸೋಮವಾರ ಅಧಿಕಾರಿ ನೋಡೋಕೆ ಬರ್ತಾರೆ. ಒಂದು ಮನೆ ತಪ್ಪಿದ್ರೂ ಹದಿಮೂರೂ ಹೋಗತ್ತೆ."

ದರ್ಜಿ ಮೆಲ್ಲಗೆ, "ಹೆಸರು ತಿದ್ದಿಸಿದ್ರೆ?" ಅಂದ.

"ಅದಕ್ಕೆ ಹೊಸ ಮಾಲೀಕನ ಸಹಿ ಬೇಕು. ಹಾಕ್ತಾನಾ?"

ಸೋಮವಾರ ಕಳೆದ ಮೇಲೇನು ಅಂತ ನಾನು ಕೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಉತ್ತರಕ್ಕೆ ಹೆದರಿ ನುಂಗಿಕೊಂಡೆ.

ಅತ್ತೆ ಖಡಾಖಂಡಿತವಾಗಿ ಹೇಳಿದಳು, "ನಾನು ಹತ್ತಲ್ಲ. ಬೇಕಾದ್ರೆ ಬುಲ್ಡೋಜರ್ ನನ್ನ ಮೇಲೇ ಬರ್ಲಿ."

"ಎರಡೇ ದಿನ ಅತ್ತೆ," ಅಂದೆ. "ಶನಿವಾರ ಸಂಜೆ ಹತ್ತೋದು, ಸೋಮವಾರ ಸಂಜೆ ಇಳಿಯೋದು. ನಾನು ಹೇಳ್ತಿದೀನಲ್ಲ."

ಅವಳು ನನ್ನನ್ನೇ ನೋಡಿದಳು. "ನೀನು ಹೇಳ್ತಿದೀಯ ಅಂತ," ಅಂದಳು.

ಶನಿವಾರ ಗುಡ್ಡದ ತುಂಬ ಮಂಚಗಳ ಮೆರವಣಿಗೆ. ಕೆಳಗಿನವರು ಮೇಲಕ್ಕೆ, ಮೇಲಿನವರು ಕೆಳಕ್ಕೆ. ಏಳನೇ ಮನೆಯ ಹತ್ತಿರ ಎರಡು ಬೀರು ಎದುರುಬದುರಾಗಿ, ಯಾರು ಹಿಂದೆ ಸರಿಯಬೇಕು ಎಂದು ಅರ್ಧ ಗಂಟೆ ಜಗಳ. ಕೆಮ್ಮುವ ಮೇಸ್ತ್ರಿ ಹಾಸಿಗೆ ಸುತ್ತಿಕೊಂಡು ಧೂಳಿನ ಕಡೆಗೆ ಇಳಿದ. ಅತ್ತೆಯನ್ನು ಕುರ್ಚಿ ಸಮೇತ ನಾಲ್ವರು ಎತ್ತಿದರು, ಕುರ್ಚಿಯ ಮುಂದಿನ ಬಲಗಾಲು ನನ್ನ ಗಂಡನ ಕೈಯಲ್ಲಿತ್ತು. ಒಂದು ತಿರುವಿನಲ್ಲಿ ಅವನ ಹೆಜ್ಜೆ ಜಾರಿತು, ಕುರ್ಚಿ ವಾಲಿತು, ಅವಳ ಮಂಡಿ ಗೋಡೆಗೆ ಬಡಿಯಿತು. ಅವಳು ತುಟಿ ಕಚ್ಚಿಕೊಂಡಳು, ಕಿರುಚಲಿಲ್ಲ. ಮೇಲೆ ಮುಟ್ಟಿದಾಗ ನಾಲ್ವರ ಜೀವವೂ ಬಾಯಿಗೆ ಬಂದಿತ್ತು. ಇದನ್ನು ಇಳಿಯುವಾಗ ಇನ್ನೊಂದೇ ಒಂದು ಸಲ ಮಾಡಿದರೆ ಸಾಕಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಸೋಮವಾರ ಅಧಿಕಾರಿ ಒಂದೊಂದೇ ಬಾಗಿಲು ತಟ್ಟುತ್ತ, ಏದುಸಿರು ಬಿಡುತ್ತ ಹದಿಮೂರಕ್ಕೆ ಬಂದರು. ಅತ್ತೆಯ ಹೆಸರು ಕೂಗಿ ಗುರುತು ಹಾಕಿಕೊಂಡರು.

"ಎಷ್ಟು ವರ್ಷದಿಂದ ಇದೀರಮ್ಮ?"

"ಮದುವೆಯಾಗಿ ಬಂದಾಗಿಂದ ಈ ಗುಡ್ಡದಲ್ಲೇ. ನಿಮ್ಮ ಅಂಗಿ ತೋಳು ಒಂದಿಂಚು ಗಿಡ್ಡವಾಗಿದೆ, ನೋಡ್ಕೊಳ್ಳಿ."

ಅವರು ನಕ್ಕರು. ಕೆಳಗೆ ಹೋಗಿ ಎಲ್ಲರೆದುರು ಹೇಳಿದರು: ಮನೆಗಳನ್ನು ಯಾರೂ ಬಿಡಬೇಕಿಲ್ಲ. ಆದರೆ ಪತ್ರದಲ್ಲಿರುವವರು ಪತ್ರದಲ್ಲಿರುವ ಮನೆಯಲ್ಲೇ ಇರಬೇಕು. ಹೇಳದೆ ಕೇಳದೆ ಮತ್ತೆ ಬರುತ್ತೇವೆ, ಒಬ್ಬರು ಬದಲಾಗಿದ್ದರೂ ಆದೇಶ ರದ್ದು.

ಗೆದ್ದಿದ್ದೆವು. ಯಾರೂ ಕೇಕೆ ಹಾಕಲಿಲ್ಲ, ಎಲ್ಲರಿಗೂ ಕುಳಿತರೆ ಸಾಕಾಗಿತ್ತು. ದರ್ಜಿ ಒಂದನೇ ಮನೆಯ ಹೊಸಿಲ ಮೇಲೆ ಕುಕ್ಕರಿಸಿ ಗುಡ್ಡದ ಮೇಲಕ್ಕೇ ನೋಡುತ್ತಿದ್ದ. ನನ್ನ ಗಂಡ ನೆಲ ನೋಡುತ್ತಿದ್ದ. ಮಾತು ಕೊಟ್ಟವಳು ನಾನು, ನಾನೇ ಹೋಗಬೇಕಿತ್ತು.

ಅತ್ತೆ ಆಗಲೇ ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದಳು.

"ಗೆದ್ವಾ?"

"ಗೆದ್ವಿ."

"ಹಾಗಾದ್ರೆ ಗಂಡಸರನ್ನ ಕರಿ. ಬೆಳಕಿರುವಾಗಲೇ ಇಳಿಸ್ಲಿ."

ಹೇಳಿದೆ. ತಡವರಿಸಿ, ಹಿಂದುಮುಂದಾಗಿ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ನನಗೆಷ್ಟೋ ಹಗುರಾಗುತ್ತಿತ್ತು. ಅವಳು ಗಂಟನ್ನು ಬಿಚ್ಚಿ ಪಕ್ಕಕ್ಕಿಟ್ಟಳು. "ಬಾ ಇಲ್ಲಿ, ತಿರುಗು," ಅಂತ ನನ್ನ ಬೆನ್ನಿಗೆ ಟೇಪು ಹಿಡಿದಳು. ಭುಜ, ಎದೆ, ಸೊಂಟ.

"ಮೂರಿಂಚು ಇಳಿದಿದೀಯಲ್ಲೇ. ಈ ಓಡಾಟ ನಿನ್ನನ್ನೇ ತಿಂದುಹಾಕಿದೆ."

ಆಮೇಲೆ ಟೇಪು ಸುತ್ತಿ ನನ್ನ ಕೈಗಿಟ್ಟಳು. "ದರ್ಜಿಗೆ ಕೊಡು. ಇನ್ಮೇಲೆ ಗಿರಾಕಿ ನೇರ ಅವನ ಹತ್ರಾನೇ ಹೋಗ್ತಾರೆ."

ದರ್ಜಿ ಅದನ್ನು ಮುಟ್ಟಲಿಲ್ಲ. ಈಗ ಅದು ನಮ್ಮ ಗೋಡೆಯ ಮೊಳೆಯಲ್ಲಿದೆ. ಅಳತೆ ಕೊಡಲು ಅಷ್ಟು ಮೇಲಕ್ಕೆ ಯಾರೂ ಬರುವುದಿಲ್ಲ.

ಸಂಜೆ ನಾನು ಮನೆಗೆ ಬಂದ ಕೂಡಲೇ ಅತ್ತೆ ಕೇಳುತ್ತಾಳೆ, "ಕೆಳಗೆ ಯಾರು ಬಂದಿದ್ರು?" ಅದಕ್ಕೇ ಹನ್ನೆರಡು ಬಾಗಿಲಲ್ಲೂ ನಿಂತು, ಸುದ್ದಿ ಕೇಳಿಕೊಂಡು ಹತ್ತುತ್ತೇನೆ. ಏನೂ ಸಿಗದ ದಿನ ಮೆಟ್ಟಿಲಲ್ಲೇ ಕೂತು ಒಂದು ಸುಳ್ಳು ಹೊಂದಿಸಿಕೊಳ್ಳುತ್ತೇನೆ. ಅವಳಿಗೆ ಗೊತ್ತಾಗುತ್ತದೆ. ಆದರೂ, "ಆಮೇಲೆ?" ಅನ್ನುತ್ತಾಳೆ.